ಹಳೆಯ ಎಂಜಿನ್ನೂ ಹಸಿರಿನ ಹೆಸರಿನ ಸಾಲವೂ

ಐದು ಲಕ್ಷ ಕಿಲೋಮೀಟರ್ ಓಡಿದ ಲಾರಿಯೊಂದು ಘಾಟಿಯ ಏರಿನಲ್ಲಿ ಕಪ್ಪು ಹೊಗೆ ಉಗುಳತೊಡಗಿದರೆ ಎರಡು ಬಗೆಯ ಉಪದೇಶಕರು ಹುಟ್ಟಿಕೊಳ್ಳುತ್ತಾರೆ. ಪೇಟೆಯ ಶೋರೂಮಿನವರು 'ಇದನ್ನು ಗುಜರಿಗೆ ಹಾಕಿ, ಹೊಸದನ್ನು ಕೊಳ್ಳಿ, ಪರಿಸರಕ್ಕೂ ಒಳ್ಳೆಯದು' ಎನ್ನುತ್ತಾರೆ. ಊರಿನವರು 'ಹೊಗೆ ತಾನೆ, ಈ ಮಳೆಗಾಲ ಕಳೆಯಲಿ, ಆಮೇಲೆ ನೋಡಿದರಾಯಿತು' ಎನ್ನುತ್ತಾರೆ. ಇಬ್ಬರೂ ಎಂಜಿನ್ನನ್ನು ಬಿಚ್ಚಿ ನೋಡಿರುವುದಿಲ್ಲ. ಆದರೂ ಮಲೆನಾಡಿನ ಎಷ್ಟೋ ಸಣ್ಣ ಲಾರಿ ಮಾಲೀಕರ ಅಡಿಕೆ ತೋಟ ಅಡವಾಗುವುದು ಇಂಥ ಮಾತನ್ನು ನಂಬಿಯೇ.

ಮೊದಲಿಗೆ ಆ ಐದು ಲಕ್ಷದ ಅಂಕಿಯನ್ನೇ ನೋಡಬೇಕು. ಮೀಟರು ಎಣಿಸುವುದು ಚಕ್ರದ ಸುತ್ತನ್ನು, ಎಂಜಿನ್ನಿನ ಸುತ್ತನ್ನಲ್ಲ. ಬಯಲುಸೀಮೆಯ ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಲಾರಿಯ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳೋಣ. ಅದೇ ಎಂಜಿನ್ ಶಿರಾಡಿಯ ಏರಿನಲ್ಲಿ ಕೆಳ ಗೇರಿನಲ್ಲಿ, ಅಷ್ಟೇ ಸುತ್ತು ತಿರುಗುತ್ತ ಗಂಟೆಗೆ 15 ಕಿಲೋಮೀಟರ್ ಮಾತ್ರ ಹತ್ತುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೆ ನಾಲ್ಕು ಪಟ್ಟು ಸುತ್ತು, ಅದೂ ಪೂರ್ಣ ಭಾರದಲ್ಲಿ. ಘಾಟಿಯಲ್ಲಿ ಮೂರು ಲಕ್ಷ ಓಡಿದ ಎಂಜಿನ್ ಬಯಲಿನಲ್ಲಿ ಆರು ಲಕ್ಷ ಓಡಿದ್ದಕ್ಕಿಂತ ಹೆಚ್ಚು ಸವೆದಿರಬಹುದು. ಮೀಟರನ್ನು ಮಾತ್ರ ನೋಡಿ ತೀರ್ಪು ಕೊಡುವವನು ಮಲೆನಾಡಿನ ರಸ್ತೆಯನ್ನೇ ಅರಿಯದವನು.

ಹೊಗೆಯ ಬಣ್ಣ ಮೀಟರಿಗಿಂತ ಹೆಚ್ಚು ಸತ್ಯ ಹೇಳುತ್ತದೆ. ಕಪ್ಪು ಹೊಗೆಯೆಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲವೆಂದು ಅರ್ಥ. ಬಹಳ ಸಲ ಅದಕ್ಕೆ ಕಾರಣ ಮಣ್ಣುರಸ್ತೆಯ ಕೆಂಪು ದೂಳಿನಿಂದ ಕಟ್ಟಿಕೊಂಡ ಏರ್ ಫಿಲ್ಟರ್, ಸೋರುವ ನಾಜಲ್ ಅಥವಾ ಹದ ತಪ್ಪಿದ ಪಂಪು. ಎಂಜಿನ್ ಬಿಚ್ಚದೆಯೇ ಸರಿಪಡಿಸಬಹುದಾದ ಕೆಲಸವಿದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ರಿಂಗು, ಲೈನರುಗಳನ್ನು ಶಂಕಿಸಬೇಕು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ನೀರು ಒಳಗೆ ಸೇರುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಎಂಜಿನ್ ದಮ್ಮು ಕಟ್ಟಿದವನಂತೆ ಉಸಿರು ಬಿಡುತ್ತದೆಯೇ (ಗ್ಯಾರೇಜಿನವರು ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ), ಬಿಸಿಯಾದ ಮೇಲೆ ಆಯಿಲ್ ಒತ್ತಡ ಕುಸಿಯುತ್ತದೆಯೇ, ಒಂದೊಂದು ಸಿಲಿಂಡರಿನ ಕಂಪ್ರೆಷನ್ ಎಷ್ಟಿದೆ ಎಂಬುದನ್ನು ಅಳೆದು ನೋಡದೆ 'ಎಂಜಿನ್ ಹೋಯಿತು' ಎನ್ನುವುದು ನಾಡಿ ಹಿಡಿಯದೆ ಚಟ್ಟ ಕಟ್ಟಿದಂತೆ.

ಲೈನರು ಸವೆದಿದ್ದರೂ ಎಂಜಿನ್ ಸತ್ತಂತಲ್ಲ. ಅನೇಕ ಭಾರಿ ಎಂಜಿನ್ನುಗಳಲ್ಲಿ ಲೈನರು ಬ್ಲಾಕಿನೊಳಗೆ ಕೂರಿಸಿದ ಬೇರೆಯೇ ಕೊಳವೆ. ಅದನ್ನು ಕಿತ್ತು ಹೊಸ ಲೈನರು, ಪಿಸ್ಟನ್, ರಿಂಗು ಹಾಕಬಹುದು. ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ, 0.25 ಮಿಲಿಮೀಟರ್ ಅಥವಾ 0.50 ಮಿಲಿಮೀಟರ್ ಕಡಿಮೆ ಅಳತೆಗೆ ಹೊಂದುವ ಬೇರಿಂಗು ಕೂರಿಸಬಹುದು. ಬ್ಲಾಕು ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕ್ ಕೊನೆಯ ಅಳತೆಗೆ ಇಳಿದಿದ್ದರೆ ಆಗ ದುರಸ್ತಿಯ ಮಾತು ಮುಗಿಯಿತು. ಖರ್ಚು ಉಳಿಸಲು ಅಂಡಾಕಾರವಾಗಿ ಸವೆದ ಲೈನರಿಗೆ ಹೊಸ ರಿಂಗು ಮಾತ್ರ ಹಾಕಿಸುವುದು ಹಣವನ್ನು ಹೊಳೆಗೆ ಸುರಿದಂತೆ. ಅಂಥ ಎಂಜಿನ್ ಬೇಗನೆ ಮತ್ತೆ ಆಯಿಲ್ ಕುಡಿಯತೊಡಗುತ್ತದೆ. ಇನ್ನು ರೇಡಿಯೇಟರಿಗೆ ಕೂಲೆಂಟಿನ ಬದಲು ದಾರಿಬದಿಯ ತೋಡಿನ ನೀರನ್ನು ತುಂಬುವ ಅಭ್ಯಾಸ. ಹಸಿ ಲೈನರಿನ ಹೊರಮೈಯನ್ನು ಅದು ಸೂಜಿಯಿಂದ ಚುಚ್ಚಿದಂತೆ ತಿಂದುಹಾಕುತ್ತದೆ. ಈ ತಪ್ಪನ್ನು ಯಾವ ಕಂಪನಿಯ ಮೇಲೂ ಹೊರಿಸುವಂತಿಲ್ಲ.

ಈಗ 'ಪರಿಸರಕ್ಕೆ ಒಳ್ಳೆಯದು' ಎಂಬ ಮಾತಿನ ಲೆಕ್ಕ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 4 ಕಿಲೋಮೀಟರ್ ಕೊಡುವ ಲಾರಿ ವರ್ಷಕ್ಕೆ 60,000 ಕಿಲೋಮೀಟರ್ ಓಡಿದರೆ ಸುಡುವುದು 15,000 ಲೀಟರ್, ಬಿಡುವುದು 40 ಟನ್. ಹೊಸ ಲಾರಿ ಶೇಕಡಾ 10ರಷ್ಟು ಡೀಸೆಲ್ ಉಳಿಸುತ್ತದೆ ಎಂದುಕೊಂಡರೆ ವರ್ಷಕ್ಕೆ 4 ಟನ್ ಉಳಿತಾಯ. ಆ ಲಾರಿಯಲ್ಲಿರುವ 5 ಟನ್ ಉಕ್ಕನ್ನು ಅದಿರಿನಿಂದ ತಯಾರಿಸಲು, ಟನ್ನಿಗೆ ಎರಡರಂತೆ ಹಿಡಿದರೂ, 10 ಟನ್ ಹೊರಬಿದ್ದಿರುತ್ತದೆ. ಆ ಋಣ ಎರಡೂವರೆ ವರ್ಷದಲ್ಲಿ ತೀರುತ್ತದೆ. ಆದರೆ ಊರಿನ ಸುತ್ತ ಗೊಬ್ಬರ, ಅಡಿಕೆ, ಇಟ್ಟಿಗೆ ಸಾಗಿಸುತ್ತ ವರ್ಷಕ್ಕೆ 10,000 ಕಿಲೋಮೀಟರ್ ಓಡುವ ಲಾರಿ ಸುಡುವುದು 2,500 ಲೀಟರ್ ಮಾತ್ರ. ಅಲ್ಲಿ ಅದೇ ಶೇಕಡಾ 10ರ ಉಳಿತಾಯ ವರ್ಷಕ್ಕೆ ಮುಕ್ಕಾಲು ಟನ್ನಿಗೂ ಕಡಿಮೆ. ಉಕ್ಕಿನ ಋಣ ತೀರಲು ಸುಮಾರು ಹದಿನೈದು ವರ್ಷ ಬೇಕು. ಎರಡೂ ಲಾರಿಗಳಿಗೆ ಒಂದೇ ಮಂತ್ರ ಹೇಳುವವರು ಲೆಕ್ಕ ಮಾಡಿಲ್ಲ, ಇಲ್ಲವೇ ಮಾಡಿಯೂ ಹೇಳುತ್ತಿಲ್ಲ. ಹಳೆಯ ಲಾರಿಯೂ ಸಾಮಾನ್ಯವಾಗಿ ಕರಗುವ ಕುಲುಮೆಗೆ ಹೋಗುವುದಿಲ್ಲ. ಕೈ ಬದಲಾಯಿಸಿ ಇನ್ನೊಂದು ಊರಿನ ಕಲ್ಲುಕ್ವಾರಿಯಲ್ಲಿ ಅದೇ ಹೊಗೆ ಉಗುಳುತ್ತಿರುತ್ತದೆ.

ಹೊಸ ಎಂಜಿನ್ನಿನ ಗುಣವನ್ನು ಅಲ್ಲಗಳೆಯುವುದೂ ಅಪ್ರಾಮಾಣಿಕತೆಯೇ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿ.ಎಸ್.-6 ಮಿತಿಯಲ್ಲಿ ಭಾರಿ ವಾಹನಗಳ ಮಸಿಕಣಗಳಿಗೆ ಬಿ.ಎಸ್.-3ರ ಹತ್ತನೇ ಒಂದು ಭಾಗದಷ್ಟೇ ಅವಕಾಶವಿದೆ. ಎಷ್ಟು ಚೆನ್ನಾಗಿ ಓವರ್‌ಹಾಲ್ ಮಾಡಿದರೂ ಹಳೆಯ ಎಂಜಿನ್ ಆ ಮಟ್ಟವನ್ನು ಮುಟ್ಟುವುದಿಲ್ಲ. ಮಂಗಳೂರು-ಬೆಂಗಳೂರು ನಡುವೆ ದಿನವೂ ಓಡುವ, ದಾರಿಯುದ್ದಕ್ಕೂ ಶಾಲೆ, ಆಸ್ಪತ್ರೆಗಳ ಮುಂದೆ ಹಾಯುವ ಲಾರಿ ಬದಲಾಗಲೇಬೇಕು. ಅದರ ಮಾಲೀಕನಿಗೆ ರಿಯಾಯಿತಿ ತೋರಬೇಕಿಲ್ಲ. ಆದರೆ ಅದೇ ಹೊಸ ಎಂಜಿನ್ನಿನ ಮಸಿ ಸೋಸುವ ಫಿಲ್ಟರಿಗೆ ದೀರ್ಘ ಓಟದ ಬಿಸಿ ಬೇಕು. ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಹಳ್ಳಿಯ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ನಿಜವಾದ ಅಪಾಯ ಇರುವುದು ಸಾಲದಲ್ಲಿ. ತಿಂಗಳ ಕಂತು ತುಂಬಬೇಕಾದವನಿಗೆ ಬಾಡಿಗೆ ನಿರಾಕರಿಸುವ ಸ್ವಾತಂತ್ರ್ಯವಿರುವುದಿಲ್ಲ. ಮರಳೋ, ಜಂಬಿಟ್ಟಿಗೆಯೋ, ರಾತ್ರಿ ಹೊತ್ತು ಪರವಾನಗಿಯಿಲ್ಲದ ದಿಮ್ಮಿಯೋ, ಸಿಕ್ಕಿದ್ದನ್ನು ಸಿಕ್ಕಷ್ಟು ಹೇರುತ್ತಾನೆ. ಬಳ್ಳಾರಿಯ ಅದಿರು ಅರಬೈಲ್ ಘಾಟಿ ಇಳಿದು ಬೇಲೇಕೇರಿ ಬಂದರಿಗೆ ಹರಿಯುತ್ತಿದ್ದ ವರ್ಷಗಳಲ್ಲಿ ಉತ್ತರ ಕನ್ನಡದ ಜನ ಇದನ್ನು ಕಣ್ಣಾರೆ ಕಂಡರು. 2008 ಮತ್ತು 2011ರ ಲೋಕಾಯುಕ್ತ ವರದಿಗಳು ಆ ಸಾಗಣೆಯ ಮಿತಿಮೀರಿದ ಭಾರವನ್ನು ದಾಖಲಿಸಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಸಾಲದ ಲಾರಿಗಳು ಸಾಲುಗಟ್ಟಿ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತದಂತೆ ಏರುತ್ತದೆ ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಸೂತ್ರ. ಐದರಲ್ಲಿ ಒಂದು ಭಾಗ ಹೆಚ್ಚು ಹೇರಿದರೆ ರಸ್ತೆಯ ಸವೆತ ಎರಡು ಪಟ್ಟು. ಎಂಜಿನ್ನೂ ಅದೇ ಭಾರಕ್ಕೆ ಕಾದು, ತಲೆ ಸೊಟ್ಟಗಾಗಿ, ಅವಧಿಗೆ ಮುನ್ನವೇ ಮತ್ತೆ ಅದೇ ಪ್ರಶ್ನೆಯನ್ನು ತಂದು ನಿಲ್ಲಿಸುತ್ತದೆ.

ಸರ್ಕಾರದ ನೀತಿ ಯಾರ ಪರವಾಗಿದೆ? 2021ರ ಗುಜರಿ ನೀತಿಯ ಪ್ರಕಾರ ಹಳೆಯದನ್ನು ಒಪ್ಪಿಸಿ ಹೊಸ ಸರಕು ವಾಹನ ಕೊಳ್ಳುವವನಿಗೆ ರಸ್ತೆ ತೆರಿಗೆಯಲ್ಲಿ ಶೇಕಡಾ 15ರವರೆಗೆ ರಿಯಾಯಿತಿ ಸಿಗಬಹುದು. ನಾಜಲ್ ಪರೀಕ್ಷೆ ಮಾಡಿಸಿ, ಪಂಪು ಹದಗೊಳಿಸಿ, ಹೊಗೆ ಅರ್ಧಕ್ಕಿಳಿಸಿದವನಿಗೆ ಅದರಲ್ಲಿ ಏನಿದೆ? ಹದಿನೈದು ವರ್ಷವಾಯಿತೆಂದರೆ ಲಾರಿ ಗುಜರಿಗೇ ಹೋಗಬೇಕೆಂದು ದಲ್ಲಾಳಿಗಳು ಹಬ್ಬಿಸುವ ಹೆದರಿಕೆಯೂ ಸುಳ್ಳು. ಖಾಸಗಿ ಸರಕು ವಾಹನಗಳಿಗೆ ಆ ನೀತಿ ಮುಂದಿಡುವ ಅಳತೆಗೋಲು ಅರ್ಹತಾ ಪರೀಕ್ಷೆಯೇ ಹೊರತು ವಯಸ್ಸಲ್ಲ.

ದುರಸ್ತಿಯ ಪರ ನಿಲ್ಲುವವರು ಗ್ಯಾರೇಜಿನ ಹಿತ್ತಲನ್ನೂ ನೋಡಬೇಕು. ಓವರ್‌ಹಾಲಿನ ದಿನ ಇಳಿಸಿದ ಸುಟ್ಟ ಆಯಿಲ್ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಬೇಲಿಗೂಟದ ಗೆದ್ದಲಿಗೆ, ಉಳಿದದ್ದು ಚರಂಡಿಗೆ, ಮೊದಲ ಮಳೆಗೆ ಹಳ್ಳಕ್ಕೆ. ಕೆಳಗಿನ ಊರಿನವರು ಕುಡಿಯುವುದು ಅದೇ ಹಳ್ಳದ ನೀರನ್ನು. ಎಂಜಿನ್ ಬಿಚ್ಚುವ ಮೊದಲು ಮಾಲೀಕ ಮೇಸ್ತ್ರಿಯನ್ನು ಮೂರು ಮಾತು ಕೇಳಲಿ: ಕ್ರ್ಯಾಂಕಿನ ಅಳತೆ ಎಷ್ಟಿದೆ, ಲೈನರಿಗೆ ಬಿಲ್ಲು ಕೊಡುತ್ತೀರಾ, ಇಳಿಸಿದ ಆಯಿಲನ್ನು ಯಾವ ಡಬ್ಬಿಗೆ ತುಂಬುತ್ತೀರಿ?