ದೈತ್ಯನೆದುರು ಅಸಲಿ ಟ್ಯಾಂಕ್, ನಟನ ಕೈಯಲ್ಲಿ ನಕಲಿ ಪಿಸ್ತೂಲು

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಚಿತ್ರದ ತಾಲೀಮಿನ ವೇಳೆ ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ರಿವಾಲ್ವರ್‌ನಿಂದ ಸಿಡಿದ ಸಜೀವ ಗುಂಡಿಗೆ ಛಾಯಾಗ್ರಾಹಕಿ ಹೆಲಿನಾ ಹಚಿನ್ಸ್ ಬಲಿಯಾದರು. ಚಿತ್ರೀಕರಣಕ್ಕೆ ನಿಜವಾದ ಬಂದೂಕು ಬೇಕೇ ಎಂಬ ಪ್ರಶ್ನೆ ಅಂದು ಹಾಲಿವುಡ್‌ನಲ್ಲಿ ದೊಡ್ಡ ದನಿಯಲ್ಲಿ ಕೇಳಿಬಂತು. ಜಪಾನಿನಲ್ಲಿ ಈ ಪ್ರಶ್ನೆಗೆ ದಶಕಗಳ ಹಿಂದೆಯೇ ಉತ್ತರ ಸಿಕ್ಕಿದೆ. ಆದರೆ ಆ ಉತ್ತರದಲ್ಲೊಂದು ವೈರುಧ್ಯವಿದೆ. ಗಾಡ್ಜಿಲ್ಲಾ, ಗಮೆರಾದಂತಹ ದೈತ್ಯಜೀವಿ ಚಿತ್ರಗಳಲ್ಲಿ ನಟನ ಸೊಂಟದ ಪಿಸ್ತೂಲು ನಕಲಿ. ಹಿನ್ನೆಲೆಯಲ್ಲಿ ಸಾಗುವ ಟ್ಯಾಂಕು ಮಾತ್ರ ಎಷ್ಟೋ ಬಾರಿ ಅಸಲಿ!

ಕಾನೂನಿನ ಬಿಗಿಮುಷ್ಟಿ

ಜಪಾನಿನ ಬಂದೂಕು ಮತ್ತು ಖಡ್ಗ ನಿಯಂತ್ರಣ ಕಾಯ್ದೆ ಜಾರಿಗೆ ಬಂದದ್ದು 1958ರಲ್ಲಿ. ಸಾಮಾನ್ಯ ನಾಗರಿಕರಿಗೆ ಅಲ್ಲಿ ಪಿಸ್ತೂಲು ನಿಲುಕದ ವಸ್ತು. ಹೀಗಾಗಿ ಚಿತ್ರೋದ್ಯಮವು ಪ್ರತಿಕೃತಿಗಳನ್ನೇ ನೆಚ್ಚಿಕೊಂಡಿತು. ಅರವತ್ತರ ದಶಕದಲ್ಲಿ ಲೋಹದ ಮಾದರಿ ಬಂದೂಕುಗಳ ಉದ್ಯಮವೇ ಬೆಳೆದು ನಿಂತಿತು. ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದೇ ಕಷ್ಟವಾದಾಗ ಸರ್ಕಾರ ಎಚ್ಚೆತ್ತಿತು. 1970ರ ಮಾರ್ಚ್‌ನಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನವೊಂದನ್ನು ಅಪಹರಿಸಿದವರ ಬಳಿ ಇದ್ದವು ಆಟಿಕೆ ಇಲ್ಲವೇ ಪ್ರತಿಕೃತಿ ಆಯುಧಗಳೆಂದು ಅನಂತರ ಬೆಳಕಿಗೆ ಬಂದದ್ದು ಇಲ್ಲಿ ಉಲ್ಲೇಖನೀಯ.

1971ರ ತಿದ್ದುಪಡಿಯು ಲೋಹದ ಮಾದರಿ ಪಿಸ್ತೂಲುಗಳ ನಳಿಕೆಯನ್ನು ಮುಚ್ಚಬೇಕು, ಮೈಗೆ ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕು ಎಂದು ವಿಧಿಸಿತು. 1977ರಲ್ಲಿ ನಿಯಮ ಮತ್ತಷ್ಟು ಬಿಗಿಯಾಯಿತು. ಆದರೆ ತೆರೆಯ ಮೇಲೆ ಪೊಲೀಸ್ ಅಧಿಕಾರಿ ಹಳದಿ ಪಿಸ್ತೂಲು ಹಿಡಿದರೆ ಪ್ರೇಕ್ಷಕ ನಗುವುದು ಖಚಿತ. ಬಣ್ಣದ ನಿಯಮ ಲೋಹಕ್ಕಷ್ಟೇ ಸೀಮಿತವಾದ್ದರಿಂದ ಪ್ಲಾಸ್ಟಿಕ್ಕಿನ ಕಪ್ಪು ಪಿಸ್ತೂಲುಗಳು ಆ ಸ್ಥಾನವನ್ನು ತುಂಬಿದವು.

ಎರವಲು ಸೇನೆ, ಆಟಿಕೆ ಸಮರ

ಟ್ಯಾಂಕುಗಳ ಕಥೆಯೇ ಬೇರೆ. ಇಶಿರೊ ಹೊಂಡಾ ನಿರ್ದೇಶನದ ತೋಹೊ ಸಂಸ್ಥೆಯ ಮೊದಲ ‘ಗಾಡ್ಜಿಲ್ಲಾ’ ತೆರೆಕಂಡದ್ದು 1954ರ ನವೆಂಬರ್ 3ರಂದು. ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ನಡೆದ ಅಮೆರಿಕದ ಜಲಜನಕ ಬಾಂಬ್ ಪರೀಕ್ಷೆಯ ವಿಕಿರಣಕ್ಕೆ ಜಪಾನಿನ ಮೀನುಗಾರಿಕಾ ದೋಣಿಯೊಂದು ತುತ್ತಾಗಿತ್ತು. ಜುಲೈ 1ರಂದು ಆತ್ಮರಕ್ಷಣಾ ಪಡೆ ಅಸ್ತಿತ್ವಕ್ಕೆ ಬಂದಿತ್ತು. ಯುದ್ಧವನ್ನು ತ್ಯಜಿಸುವುದಾಗಿ ಸಂವಿಧಾನದ ಒಂಬತ್ತನೆಯ ವಿಧಿಯಲ್ಲಿ ಸಾರಿದ್ದ ದೇಶಕ್ಕೆ ‘ಸೇನೆ’ ಎಂಬ ಪದವೇ ಮುಜುಗರದ್ದು. ಚಿತ್ರದಲ್ಲಿಯೂ ಅದನ್ನು ಬರಿದೆ ‘ರಕ್ಷಣಾ ದಳ’ ಎಂದು ಕರೆಯಲಾಯಿತು.

ಸೈನಿಕ ವಾಹನಗಳ ನೈಜ ಸಂಚಾರದ ದೃಶ್ಯಗಳೊಂದಿಗೆ ವಿಶೇಷ ಪರಿಣಾಮ ತಜ್ಞ ಎಯ್ಜಿ ತ್ಸುಬುರಾಯಾ ತಮ್ಮ ಪುಟ್ಟ ಮಾದರಿಗಳನ್ನು ಬೆಸೆದರು. ಮಾದರಿಗೆ ಸಣ್ಣ ಸಿಡಿಮದ್ದು ಇಟ್ಟು, ಅದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು, ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಸ್ಫೋಟಕ್ಕೆ ಭಾರೀ ಗಾತ್ರ ಬರುತ್ತಿತ್ತು. ಟ್ಯಾಂಕನ್ನು ಕುಗ್ಗಿಸಬಹುದು, ಬೆಂಕಿಯನ್ನೂ ನೀರನ್ನೂ ಕುಗ್ಗಿಸಲಾಗದು. ಆದ್ದರಿಂದಲೇ ಈ ತಂತ್ರ ಅನಿವಾರ್ಯವಾಗಿತ್ತು.

ಇದೇ ತ್ಸುಬುರಾಯಾ 1942ರಲ್ಲಿ ಪರ್ಲ್ ಹಾರ್ಬರ್ ದಾಳಿಯನ್ನು ವೈಭವೀಕರಿಸಿದ ಚಿತ್ರಕ್ಕೂ ಮಾದರಿ ಹಡಗುಗಳನ್ನು ನಿರ್ಮಿಸಿದ್ದರು. ಯುದ್ಧಕಾಲದ ಪ್ರಚಾರ ಚಿತ್ರಗಳಲ್ಲಿ ದುಡಿದ ಕಾರಣಕ್ಕೆ 1948ರಲ್ಲಿ ತೋಹೊದಿಂದ ಹೊರನಡೆಯಬೇಕಾಯಿತು. ನಕಲಿ ಆಯುಧಕ್ಕೂ ರಾಜಕೀಯವುಂಟು ಎಂಬುದನ್ನು ಅವರು ಸ್ವಾನುಭವದಿಂದಲೇ ಅರಿತಿದ್ದರು.

ಸೋಲುವ ಅಸಲಿ, ಗೆಲ್ಲುವ ಕಲ್ಪಿತ

ಈ ಚಿತ್ರಗಳಲ್ಲಿ ಅಸಲಿ ಆಯುಧಗಳು ಗೆಲ್ಲುವುದು ಅಪರೂಪ ಎಂಬುದು ಗಮನಾರ್ಹ. 1954ರಲ್ಲಿ ಫಿರಂಗಿ, ವಿಮಾನ, ವಿದ್ಯುತ್ ಬೇಲಿ ಎಲ್ಲವೂ ವಿಫಲವಾದವು. ದೈತ್ಯನನ್ನು ಕೊಂದದ್ದು ವಿಜ್ಞಾನಿ ಸೆರಿಜಾವಾನ ಕಲ್ಪಿತ ‘ಆಮ್ಲಜನಕ ವಿನಾಶಕ’. 1957ರ ‘ದಿ ಮಿಸ್ಟೀರಿಯನ್ಸ್’ನಲ್ಲಿ ಬೋಗುಣಿಯಾಕಾರದ ಕಿರಣಾಸ್ತ್ರ ಬಂತು, 1966ರ ‘ವಾರ್ ಆಫ್ ದಿ ಗಾರ್ಗಾಂಚುವಾಸ್’ನಲ್ಲಿ ಮೇಸರ್ ಫಿರಂಗಿ ಮೆರೆಯಿತು. ಸೈನಿಕನಾಗಿ ಚೀನಾದಲ್ಲಿ ವರ್ಷಗಟ್ಟಲೆ ಕಳೆದು, ಮರಳುವಾಗ ಹಿರೋಶಿಮಾದ ಅವಶೇಷಗಳನ್ನು ಕಂಡಿದ್ದ ಹೊಂಡಾ ಅವರಿಗೆ ಬಂದೂಕಿನ ಮೇಲೆ ಅಷ್ಟೇನೂ ಭರವಸೆ ಉಳಿದಿರಲಿಲ್ಲವೆಂದರೆ ಅಚ್ಚರಿಯಿಲ್ಲ.

ಎರವಲಿನ ಬೆಲೆ

ಟ್ಯಾಂಕು, ಹೆಲಿಕಾಪ್ಟರ್‌ಗಳನ್ನು ಒದಗಿಸುವ ಮುನ್ನ ರಕ್ಷಣಾ ಇಲಾಖೆ ಚಿತ್ರಕಥೆಯನ್ನು ಪರಿಶೀಲಿಸುತ್ತದೆ. ಪಡೆಯ ವರ್ಚಸ್ಸಿಗೆ ಧಕ್ಕೆ ತರುವ ಕಥೆಗೆ ಸಹಕಾರ ದೊರೆಯುವುದು ಕಷ್ಟ. 1996ರ ಎರಡನೆಯ ಗಮೆರಾ ಚಿತ್ರಕ್ಕೂ, 2016ರ ‘ಶಿನ್ ಗಾಡ್ಜಿಲ್ಲಾ’ಕ್ಕೂ ಈ ಸಹಕಾರ ಧಾರಾಳವಾಗಿ ಸಿಕ್ಕಿತು. ಎರಡನೆಯದು ತೆರೆಕಂಡಾಗ ಮಾಜಿ ರಕ್ಷಣಾ ಸಚಿವ, 2024ರಲ್ಲಿ ಪ್ರಧಾನಿಯಾದ ಶಿಗೆರು ಇಶಿಬಾ ಗಂಭೀರ ತಕರಾರೊಂದನ್ನು ಎತ್ತಿದ್ದರು. ದೈತ್ಯಜೀವಿ ಶತ್ರುರಾಷ್ಟ್ರವಲ್ಲ, ಆದ್ದರಿಂದ ಅದರ ವಿರುದ್ಧ ‘ರಕ್ಷಣಾ ಕಾರ್ಯಾಚರಣೆ’ಗೆ ಆದೇಶಿಸುವುದು ಸಹಜವಲ್ಲ, ಅದು ವಿಪತ್ತು ಪರಿಹಾರದ ವ್ಯಾಪ್ತಿಗೆ ಬರಬೇಕು ಎಂಬುದು ಅವರ ವಾದದ ಸಾರ. ಮೇಲ್ನೋಟಕ್ಕೆ ತಮಾಷೆಯೆನಿಸಿದರೂ, ಪಡೆಯು ಯಾವಾಗ ಗುಂಡು ಹಾರಿಸಬಹುದು ಎಂಬ ಸಂವಿಧಾನದ ಪ್ರಶ್ನೆಯೇ ಅಲ್ಲಿ ಅಡಗಿತ್ತು. ರಕ್ಷಣಾ ವೆಚ್ಚವನ್ನು ರಾಷ್ಟ್ರೀಯ ಉತ್ಪನ್ನದ ಶೇ 2ಕ್ಕೆ ಏರಿಸಲು 2022ರ ಡಿಸೆಂಬರ್‌ನಲ್ಲಿ ಜಪಾನ್ ಸರ್ಕಾರ ತೀರ್ಮಾನಿಸಿದ ಮೇಲಂತೂ ಆ ಪ್ರಶ್ನೆಗೆ ಹೆಚ್ಚಿನ ತೂಕ ಬಂದಿದೆ.

2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಮತ್ತೊಂದು ಹಾದಿ ಹಿಡಿಯಿತು. ಅದರ ಕಥೆ ನಡೆಯುವುದು ಜಪಾನಿಗೆ ಸೇನೆಯೇ ಇಲ್ಲದ, ಯುದ್ಧೋತ್ತರ ಕಾಲದಲ್ಲಿ. ಎರವಲು ತರಲು ಅಸಲಿ ಆಯುಧವೇ ಇಲ್ಲ! ನಾಯಕ ಹಾರಿಸುವ ‘ಶಿಂಡೆನ್’ ಯುದ್ಧವಿಮಾನದ ಪೂರ್ಣಗಾತ್ರದ ಪ್ರತಿಕೃತಿಯನ್ನೇ ಚಿತ್ರತಂಡ ಕಟ್ಟಿತು. ಫುಕುವೊಕಾ ಪ್ರಾಂತದ ತಾಚಿಯರಾಯ್ ಶಾಂತಿ ಸ್ಮಾರಕ ಸಂಗ್ರಹಾಲಯದಲ್ಲಿ ಅದು 2022ರಲ್ಲೇ ಪ್ರದರ್ಶನಕ್ಕೆ ಬಂದಿತ್ತು. ಚಿತ್ರಕ್ಕಾಗಿ ಮಾಡಿದ್ದೆಂಬ ಗುಟ್ಟು ಬಯಲಾದದ್ದು ಅನಂತರ. ವಿಶೇಷ ದೃಶ್ಯ ಪರಿಣಾಮಕ್ಕಾಗಿ ಆ ಚಿತ್ರ 2024ರ ಮಾರ್ಚ್‌ನಲ್ಲಿ ಆಸ್ಕರ್ ಗಳಿಸಿತು.

ನಕಲಿ ಪಿಸ್ತೂಲು ನಟನ ಜೀವವನ್ನು ಕಾಯುತ್ತದೆ. ಆ ವಿಷಯದಲ್ಲಿ ಜಪಾನಿನ ನಿಲುವು ಅನುಕರಣೀಯ. ಆದರೆ ಅಸಲಿ ಟ್ಯಾಂಕಿನೊಂದಿಗೆ ಅದರ ಒಡೆಯನ ದೃಷ್ಟಿಕೋನವೂ ಚಿತ್ರದೊಳಕ್ಕೆ ಉರುಳಿ ಬರುತ್ತದೆ. ಆ ಅಪಾಯವನ್ನು ತಡೆಯಲು ಹಳದಿ ಬಣ್ಣ ಬಳಿಯುವ ಕಾಯ್ದೆ ಯಾವ ದೇಶದಲ್ಲಿಯೂ ಇಲ್ಲ. ಅದನ್ನು ಗುರುತಿಸುವ ಹೊಣೆ ಪ್ರೇಕ್ಷಕನದೇ.