ಹೇಳಿದೋರು ನಾಳೆ ಬಂದು ಮಗು ನೋಡ್ತಾರಾ?

ನನ್ನ ವಯಸ್ಸಿನ ಅತ್ತೇರು ನಾಕು ಜನ ಜಗಲಿ ಮೇಲೆ ಸೇರಿದ್ರೆ ಒಂದೇ ದೂರು. "ಈಗಿನ ಸೊಸೇರು ಮಗೀಗೆ ಶೀತ ಆದ್ರೂ ಫೋನ್ ಕೇಳ್ತಾರೆ, ಮನೇಲಿ ನಾವ್ ಯಾಕಿದೀವಿ?" ನಾನೂ ಅದಕ್ಕೆ ತಲೆ ಆಡಿಸ್ದೋಳೇ. ಈಗ ಆಡ್ಸಲ್ಲ. ಹಂಗಂತ ಫೋನಿನ ಪರವೂ ಅಲ್ಲ. ಯಾಕೆ ಅಂತ ಹೇಳ್ತೀನಿ ಕೇಳ್ರಮ್ಮ.

ಹೋದ ಬೇಸಿಗೇಲಿ ನನ್ನ ಮೊಮ್ಮಗನಿಗೆ ಎಂಟು ತಿಂಗಳು. ಒಂದಿನ ಬೆಳಗಾಗೋ ಅಷ್ಟ್ರಲ್ಲಿ ಆರು ಸಲ ಭೇದಿ ಆಗಿತ್ತು. ನಾನು ಅಂದೆ, "ಹಾಲು ನಿಲ್ಸು, ನೀರು ಕೊಡ್ಬೇಡ, ಹೊಟ್ಟೆ ಒಣಗ್ಲಿ." ನಮ್ಮತ್ತೆ ನಂಗೆ ಹೇಳಿದ್ದೂ ಅದೇ. ಸೊಸೆ, "ಇಲ್ಲ ಅತ್ತೆ, ಹಂಗ್ ಮಾಡ್ಬಾರ್ದಂತೆ" ಅಂದು ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದ್ಳು. ಎದೆಹಾಲು ನಿಲ್ಲಿಸ್ಬೇಡ, ಓಆರ್‌ಎಸ್ ಕುಡಿಸು ಅಂತ ಅಲ್ಲಿ ಸರಿಯಾಗೇ ಹೇಳಿದ್ರು. ತಪ್ಪು ನಂದು, ಫೋನ್ ಹೇಳಿದ್ದು ಸರಿ. ಒಪ್ಕೊಳ್ಳೋಕೆ ನಂಗೇನು ನಾಚಿಕೆ ಇಲ್ಲ. ನಾವೇನು ಕಮ್ಮಿ ತಪ್ಪು ಮಾಡಿದೀವಾ? ಹೆರಿಗೆಯಾದ ಮೊದಲ ದಿನದ ಹಳದಿ ಹಾಲನ್ನ ಕೆಟ್ಟದ್ದು ಅಂತ ಹಿಂಡಿ ಚೆಲ್ಲಿದೋರು ನಾವು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರಿದೋರು ನಾವು. ವರ್ಷ ತುಂಬೋವರ್ಗೂ ಜೇನು ಕೊಡ್ಲೇಬಾರ್ದು ಅಂತಾರೆ ಡಾಕ್ಟ್ರು.

ಆದ್ರೆ ಕತೆ ಅಲ್ಲಿಗೆ ಮುಗೀಲಿಲ್ಲ. ಅದೇ ಗುಂಪಲ್ಲಿ ಇನ್ನೊಬ್ಬಾಕೆ, "ಒಂದು ಲೋಟ ನೀರಿಗೆ ಒಂದು ಪ್ಯಾಕೆಟ್" ಅಂದಿದ್ಳು. ಆಕೆ ಸುಳ್ಳು ಹೇಳಿರ್ಲಿಲ್ಲ. ಅಂಗಡೀಲಿ 200 ಎಂಎಲ್ ನೀರಿಗೆ ಹಾಕೋ ಸಣ್ಣ ಪ್ಯಾಕೆಟ್ಟೂ ಸಿಗ್ತದೆ, ಆಕೆ ಮನೇಲಿ ಅದಿತ್ತು. ನಮ್ಮನೇಲಿ ಇದ್ದಿದ್ದು ಒಂದು ಲೀಟರಿಂದು. ಸೊಸೆ ಅದನ್ನ ಪೂರ್ತಿ ಒಂದು ಲೋಟಕ್ಕೆ ಕದಡಿ ಚಮಚ ಕೈಗೆ ತಗೊಂಡಿದ್ಳು. ಅಷ್ಟೊತ್ತಿಗೆ ನಮ್ಮೂರ ಆಶಾ ಕಾರ್ಯಕರ್ತೆ ಬಂದ್ರು. ಪ್ಯಾಕೆಟ್ ನೋಡಿದ್ರು, ಲೋಟ ನೋಡಿದ್ರು, ಮಾತಾಡ್ದೆ ಬಚ್ಚಲಿಗೆ ಸುರಿದ್ರು. "ಇದು ಲೀಟರ್ ನೀರಿಗೆ ಹಾಕೋದು ಕಣಮ್ಮ. ಲೋಟಕ್ಕೆ ಹಾಕಿದ್ರೆ ಮಗೀಗೆ ಉಪ್ಪು ಜಾಸ್ತಿ ಆಯ್ತದೆ, ಪ್ರಾಣಕ್ಕೇ ಬತ್ತದೆ" ಅಂದ್ರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರು ಅಳೆದು ಕಲಸಿಕೊಟ್ರು. ಒಂದು ದಿನಕ್ಕಿಂತ ಹೆಚ್ಚು ಇಟ್ಕೋಬೇಡಿ ಅಂದ್ರು. ಜಿಂಕ್ ಮಾತ್ರೆ ಕೊಟ್ಟು, ಭೇದಿ ನಿಂತ್ರೂ 14 ದಿನ ತಪ್ಪಿಸ್ಬೇಡಿ ಅಂದ್ರು. ಮಾರನೇ ದಿನ ಬಂದು ನೋಡಿದ್ರು. ಮೂರನೇ ದಿನಾನೂ ಬಂದ್ರು.

ಗುಂಪಲ್ಲಿ ನಲವತ್ತು ಉತ್ತರ ಬಂದಿದ್ವು. "ಮಗು ಹೆಂಗೈತೆ?" ಅಂತ ಮಾರನೇ ದಿನ ಕೇಳಿದೋರು ಒಬ್ರೂ ಇಲ್ಲ. ನನ್ನ ಜಗಳ ಇರೋದು ಇಲ್ಲೇ.

ಸಲಹೆ ತಪ್ಪು ಅಂತ ಅಲ್ಲ, ಹೇಳಿದೋರಿಗೆ ಅದರ ಹೊಣೆ ಇಲ್ಲ. ಅವರು ನಮ್ಮನೆ ನೋಡಿಲ್ಲ, ನಮ್ ನೀರು ಕುಡಿದಿಲ್ಲ. "ಬೋರ್ ನೀರಾದ್ರೂ ಕುದಿಸಿ ಕೊಡಿ, ಏನಾಗಲ್ಲ" ಅಂತ ಎಲ್ಲೋ ಕೂತು ಬರೀತಾರೆ. ಪಾವಗಡ ಸೀಮೆ ಬೋರ್ ನೀರಲ್ಲಿ ಫ್ಲೋರೈಡ್ ಐತೆ ಅಂತ ಅವರಿಗೇನು ಗೊತ್ತು? ಕುದಿಸಿದ್ರೆ ಕ್ರಿಮಿ ಸಾಯ್ತವೆ, ಫ್ಲೋರೈಡ್ ಹೋಗಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸ್ಕೊಂಡು ಬರೋ ನಮ್ಗೆ ಅದು ಗೊತ್ತು.

ನಮ್ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನೋರನ್ನ ನೆನೆಸ್ಕೊಳ್ಳಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಲ್ಲಿ ತೀರ್ಕೊಂಡ್ರು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿ ಶಾಲೆಗೆ ಹೋದೋರಲ್ಲ. ಆದ್ರೆ ಕೈ ಇಟ್ಟು ನೋಡಿ ಮಾತಾಡ್ತಿದ್ರು. ಹೆರಿಗೆಗೆ ಆಸ್ಪತ್ರೆಗೇ ಹೋಗ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬಾಗಿಲಿಗೆ ಬಂದು ನೋಡೋರು ಈಗ್ಲೂ ಬೇಕು.

ಈಗ ಆ ಕೆಲಸ ಆಶಾಗಳದು. ಅವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಅದಕ್ಕಾಗಿ 2025ರ ಜನವರಿ ಚಳೀಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಹಗಲೂ ರಾತ್ರಿ ಕೂತಿದ್ರು. ಆವಾಗ ನಾವ್ ಯಾರಾದ್ರೂ ಒಂದು ಮಾತು ಆಡಿದ್ವಾ? ತಿಂಗಳು ತಿಂಗಳು ಡೇಟಾ ಹಾಕಿಸ್ತೀವಿ, ಮಳೇಲಿ ನಡ್ಕೊಂಡು ಬಂದಾಕೆಗೆ ಒಂದು ಲೋಟ ಕಾಫಿ ಕೊಡೋಕೆ ಹಿಂದೆಮುಂದೆ ನೋಡ್ತೀವಿ.

"ರಾತ್ರಿ ಎರಡು ಗಂಟೆಗೆ ಯಾರನ್ನ ಕೇಳೋದು ಅತ್ತೆ?" ಅಂತಾಳೆ ಸೊಸೆ. ನ್ಯಾಯವಾದ ಮಾತೇ. ಕೇಳವ್ವ, ಹಲ್ಲು ಯಾವಾಗ ಬತ್ತವೆ, ರಾಗಿ ಸರಿ ಗಂಟಾಗದಂಗೆ ಹೆಂಗೆ ಕಾಯಿಸೋದು, ಅದನ್ನೆಲ್ಲ ಗುಂಪಲ್ಲೇ ಕೇಳು, ನಾನು ಅಡ್ಡ ಬರಲ್ಲ. ಆದ್ರೆ ಮಗೀನ ಕಣ್ಣು ಗುಳಿ ಬಿದ್ರೆ, ಉಚ್ಚೆ ನಿಂತ್ರೆ, ಮಲದಲ್ಲಿ ರಕ್ತ ಕಂಡ್ರೆ, ಹಾಲೂ ಕುಡೀದೆ ಮಂಕಾದ್ರೆ ಟೈಪ್ ಮಾಡ್ಕೊಂಡ್ ಕೂರ್ಬೇಡ. ಅದೇ ಫೋನಲ್ಲಿ 108 ಒತ್ತು.

ಇನ್ನು ಅತ್ತೇರಿಗೆ ನನ್ನ ಮಾತು ಒಂದೇ. ಸೊಸೇರು ಫೋನ್ ಕೇಳ್ತಾರೆ ಅಂತ ಬೈಯೋ ಮುಂಚೆ, ಅವರು ನಮ್ಮನ್ನ ಕೇಳಿದಾಗ ನಾವು ಬೈದೇ ಉತ್ತರ ಕೊಟ್ಟಿದ್ವಾ ಅಂತ ಎದೆ ಮುಟ್ಕೊಂಡು ನೋಡ್ಕೊಳ್ಳಿ.