ನಕಲು ಮಾಡಿ, ಹೇಳಿ ಮಾಡಿ

ರೋಣ ತಾಲ್ಲೂಕಿನ ಒಂದು ಪ್ರೌಢಶಾಲೆ. ಆಗಸ್ಟ್ ತಿಂಗಳ ಬೋಧನಾಭ್ಯಾಸ. ಎಂಟನೆಯ ತರಗತಿಯಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ. ಅವಲೋಕನ ಹಾಳೆ ಹಿಡಿದು ನಾನು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಹೆಸರು ಬಿಡಿಸುವ ಕಾಲವಾದ್ದರಿಂದ ಅರ್ಧದಷ್ಟು ಮಕ್ಕಳು ಹೊಲಕ್ಕೆ ಹೋಗಿದ್ದರು. ಪ್ರಶಿಕ್ಷಣಾರ್ಥಿ ಅಚ್ಚುಕಟ್ಟಾಗಿ ತಯಾರಾಗಿ ಬಂದಿದ್ದ. ಭತ್ತದ ನಾಟಿಯ ದೊಡ್ಡ ಬಣ್ಣದ ಚಾರ್ಟನ್ನು ಗೋಡೆಗೆ ತೂಗುಹಾಕಿ ಪೀಠಿಕಾ ಪ್ರಶ್ನೆ ಕೇಳಿದ: “ನಿಮ್ಮ ಊರಿನಲ್ಲಿ ಭತ್ತವನ್ನು ಯಾವಾಗ ನಾಟಿ ಮಾಡುತ್ತಾರೆ?”

ಯಾರೂ ಮಾತಾಡಲಿಲ್ಲ. ಮತ್ತೊಮ್ಮೆ ಕೇಳಿದ. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು, “ಸರ, ನಮ್ಮ ಕಡೆ ಭತ್ತ ಬೆಳಿಯೂದಿಲ್ರಿ. ಹೆಸರು ಬಿತ್ತತೀವ್ರಿ, ಆಮ್ಯಾಲೆ ಜ್ವಾಳ, ಕಡ್ಲಿ” ಎಂದ. “ಆತು, ಕುಂದ್ರು” ಎಂದು ಪ್ರಶಿಕ್ಷಣಾರ್ಥಿ ಚಾರ್ಟಿನ ಕಡೆ ತಿರುಗಿದ. ಅವಧಿ ಮುಗಿಯುವವರೆಗೂ ಆ ಎರಿ ನೆಲದ ಮಕ್ಕಳು ಭತ್ತದ ಗದ್ದೆಯ ಚಿತ್ರ ನೋಡುತ್ತ ಕುಳಿತರು.

“ಸ್ಥಳೀಯ ಉದಾಹರಣೆ ಕೊಡಿ” ಎಂದು ಹಾಳೆಯಲ್ಲಿ ಬರೆದು ಸಹಿ ಮಾಡಿದೆ. ಆದರೆ ಆ ಚಾರ್ಟನ್ನು ಎಲ್ಲೋ ನೋಡಿದ್ದೇನೆ ಎಂಬ ಅನುಮಾನ ದಾರಿಯುದ್ದಕ್ಕೂ ಕಾಡಿತು. ಕಾಲೇಜಿಗೆ ಬಂದವನೇ ದಾಸ್ತಾನು ಕೋಣೆಯ ಬೀಗ ತೆಗೆಸಿ ಹಳೆಯ ಪಾಠಯೋಜನೆಗಳ ಕಟ್ಟು ಬಿಚ್ಚಿದೆ. ಹಿಂದಿನ ವರ್ಷದ್ದರಲ್ಲಿಯೂ ಅದೇ ಪ್ರಶ್ನೆ, ಅದಕ್ಕೂ ಹಿಂದಿನ ವರ್ಷದ್ದರಲ್ಲಿಯೂ ಅದೇ ಪ್ರಶ್ನೆ. ಮೂವರು ಪ್ರಶಿಕ್ಷಣಾರ್ಥಿಗಳು, ಮೂರು ಕೈಬರಹ, ಒಂದೇ ಭತ್ತ. ಮೂರರ ಮೇಲೂ ಕೆಂಪು ಶಾಯಿಯಲ್ಲಿ ‘ಉತ್ತಮ’. ಕೆಳಗೆ ನನ್ನದೇ ಸಹಿ.

ಹುಡುಗರ ಮೇಲೆ ಸಿಟ್ಟಾಗಬೇಕಿತ್ತು, ಆಗಲಿಲ್ಲ. ಹಿರಿಯ ವಿದ್ಯಾರ್ಥಿಗಳ ಪಾಠಯೋಜನೆ ಪುಸ್ತಕ ಕಿರಿಯರ ಕೈಗೆ ಹೋಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ನಾನೂ ಬಿ.ಇಡಿ. ಓದುವಾಗ ಹಾಗೆಯೇ ಬರೆದವನು. ಒಳ್ಳೆಯ ಪಾಠವೊಂದು ಇನ್ನೊಬ್ಬರ ಕೈಗೆ ದಾಟುವುದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅದು ದಾಟುವ ರೀತಿಯಲ್ಲಿ. ನಕಲು ಅಪರಾಧ ಎಂದು ನಾವು ಸಾರುತ್ತೇವೆ, ಆದ್ದರಿಂದ ಅದು ಕದ್ದು ನಡೆಯುತ್ತದೆ. ಕದ್ದು ನಡೆಯುವುದರಿಂದ ಹಿಂದಿನವನು ಎಲ್ಲಿ ಎಡವಿದ ಎಂಬುದು ಮುಂದಿನವನಿಗೆ ತಿಳಿಯುವುದೇ ಇಲ್ಲ. ಪಾಠ ಕೈಯಿಂದ ಕೈಗೆ ಹೋಗುತ್ತದೆ, ಅನುಭವ ಅಲ್ಲೇ ಸಾಯುತ್ತದೆ.

ಇದೇ ತೊಡಕನ್ನು ನಮಗಿಂತ ಚೆನ್ನಾಗಿ ಬಿಡಿಸಿಕೊಂಡವರು ಮುಕ್ತ ತಂತ್ರಾಂಶ ಬರೆಯುವ ಸ್ವಯಂಸೇವಕರು ಎಂಬುದು ನನ್ನ ಅಭಿಪ್ರಾಯ. ನಾನು ಕಂಪ್ಯೂಟರ್ ವಿಷಯದವನಲ್ಲ. ಆ ಲೋಕದ ಪರಿಚಯವಾದದ್ದು ಕನ್ನಡ ವಿಕಿಪೀಡಿಯದಿಂದ. 2003ರಲ್ಲಿ ಶುರುವಾದ ಅದರಲ್ಲಿ ಕೆಲವು ವರ್ಷಗಳ ಹಿಂದೆ ನಮ್ಮ ಸೂಡಿಯ ಜೋಡು ಕಳಸದ ಗುಡಿಯ ಬಗ್ಗೆ ನಾಲ್ಕು ಸಾಲು ಸೇರಿಸಿದ್ದೆ. ಎರಡು ದಿನ ಬಿಟ್ಟು ನೋಡಿದರೆ ನಾನು ಬರೆದ ‘ಅತ್ಯಂತ ಸುಂದರವಾದ’ ಮಾಯವಾಗಿತ್ತು. ಮೊದಲು ರೇಗಿತು. ಆಮೇಲೆ ‘ಇತಿಹಾಸ’ ಎಂಬ ಕೊಂಡಿ ಒತ್ತಿದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ತೆಗೆದರು, ಏಕೆ ತೆಗೆದರು ಎಂಬುದೆಲ್ಲ ಅಲ್ಲಿತ್ತು. ನನ್ನ ಹಳೆಯ ಸಾಲೂ ಅಳಿಯದೆ ಅಲ್ಲೇ ಇತ್ತು. ಬೇಕಿದ್ದರೆ ವಾದ ಮಾಡಲು ಪಕ್ಕದಲ್ಲಿ ಚರ್ಚಾಪುಟ. ನಾನು ವಾದ ಮಾಡಲಿಲ್ಲ, ಏಕೆಂದರೆ ತಿದ್ದಿದವರು ಹೇಳಿದ್ದು ಸರಿಯಾಗಿತ್ತು. ಮೂವತ್ತು ವರ್ಷ ಮಕ್ಕಳ ಬರಹ ತಿದ್ದಿದ ನಾನು ಒಮ್ಮೆಯೂ ಇಷ್ಟು ಮರ್ಯಾದೆಯಿಂದ ತಿದ್ದಿರಲಿಲ್ಲ.

ತಂತ್ರಾಂಶ ಬರೆಯುವವರ ಪದ್ಧತಿ ಇನ್ನೂ ಬಿಗಿ. ನಮ್ಮ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಳದಲ್ಲಿರುವುದು ಲಿನಕ್ಸ್. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಶುರುಮಾಡಿ, ಬರೆದದ್ದನ್ನು ಎಲ್ಲರ ಮುಂದೆ ತೆರೆದಿಟ್ಟರು. ಇಂದು ಅದರಲ್ಲಿ ದುಡಿಯುವ ಅನೇಕರು ಕಂಪನಿಗಳ ಸಂಬಳದ ಮೇಲಿದ್ದಾರೆ, ನಿಜ. ಆದರೆ ಕೆಲಸದ ರೀತಿ ಸ್ವಯಂಸೇವಕರು ಹಾಕಿಕೊಟ್ಟದ್ದೇ. ಯಾರೂ ಇಡೀ ತಂತ್ರಾಂಶವನ್ನು ಹೊಸದಾಗಿ ಬರೆಯುವುದಿಲ್ಲ. ಇರುವುದನ್ನು ನಕಲು ಮಾಡಿಕೊಂಡು ಒಂದು ಸಣ್ಣ ಬದಲಾವಣೆ ಮಾಡಿ ಕಳಿಸುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ಪ್ಯಾಚ್, ಅಂದರೆ ತೇಪೆ. ತೇಪೆಯ ಜೊತೆ ಏನು ಕೆಟ್ಟಿತ್ತು, ಏಕೆ ಹೀಗೆ ಸರಿಪಡಿಸಿದೆ ಎಂಬ ಟಿಪ್ಪಣಿ ಇರಲೇಬೇಕು. ಆ ಭಾಗದ ಹೊಣೆ ಹೊತ್ತವರು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ಎಷ್ಟೋ ಸಲ ಹಿಂದಕ್ಕೆ ಕಳಿಸುತ್ತಾರೆ. ಒಪ್ಪಿದರೆ ಮಾತ್ರ ಅದು ಒಳಗೆ ಸೇರುತ್ತದೆ. ಈ ಲೆಕ್ಕ ಇಡಲೆಂದೇ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಸಾಧನವನ್ನೂ ಬರೆದರು.

ನನ್ನ ಮನಸ್ಸಿಗೆ ನಾಟಿದ್ದು ಆ ಟಿಪ್ಪಣಿಯ ಕೊನೆಯ ಸಾಲುಗಳು. ಲಿನಕ್ಸ್ ತೇಪೆಯ ಅಡಿಯಲ್ಲಿ ‘ಸೈನ್ಡ್-ಆಫ್-ಬೈ’ ಎಂದು ಕಳಿಸಿದವರ ಹೆಸರು, ‘ರಿವ್ಯೂಡ್-ಬೈ’ ಎಂದು ಪರಿಶೀಲಿಸಿದವರ ಹೆಸರು, ‘ರಿಪೋರ್ಟೆಡ್-ಬೈ’ ಎಂದು ದೋಷವನ್ನು ಮೊದಲು ಹೇಳಿದವರ ಹೆಸರು ಇರುತ್ತದೆ. ದೋಷ ಹೇಳಿದವರು ಒಂದು ಸಾಲೂ ಬರೆಯದವರಿರಬಹುದು, ಬರೀ ಬಳಸಿದವರಿರಬಹುದು. ಆದರೂ ಅವರ ಹೆಸರು ದಾಖಲಾಗುತ್ತದೆ. ಪರಿಶೀಲಿಸಿದೆ ಎಂದು ಹೆಸರು ಹಾಕುವವರು, ನಾನು ಇದನ್ನು ನಿಜವಾಗಿಯೂ ಓದಿದ್ದೇನೆ, ನನ್ನ ಆಕ್ಷೇಪಗಳಿಗೆ ಉತ್ತರ ಸಿಕ್ಕಿದೆ ಎಂದು ಮಾತು ಕೊಟ್ಟಂತೆ. ಭತ್ತದ ಪಾಠದ ಮೇಲಿನ ನನ್ನ ಮೂರು ‘ಉತ್ತಮ’ಗಳನ್ನು ಇದರ ಪಕ್ಕ ಇಟ್ಟು ನೋಡಿದೆ. ಮೂರನೆಯ ಸಾಲಿನ ಆ ಹುಡುಗನನ್ನೂ ನೆನೆದೆ. ಪಾಠದ ದೋಷವನ್ನು ಅವನು ಮೊದಲ ಐದು ನಿಮಿಷದಲ್ಲೇ ಹೇಳಿದ್ದ. ನಾವು ಅವನನ್ನು ಕೂರಿಸಿದೆವು.

ಇದು ಕಂಪ್ಯೂಟರ್ ಬಲ್ಲವರ ಸಂಗತಿ, ನಮಗೇನು ಎಂದು ಭಾಷಾ ಬೋಧನೆಯ ಸಹೋದ್ಯೋಗಿಗಳು ಕೇಳಿದ್ದುಂಟು. ಅವರಿಗೆ ಒಂದು ಉದಾಹರಣೆ ಕೊಡುತ್ತೇನೆ. ‘ಸೂರ್ಯ’ ಎಂದು ಬರೆಯುವಾಗ ರಕಾರ ಹಿಂದೆ ಸರಿದು ಅರ್ಕಾವೊತ್ತಾಗುತ್ತದೆ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಮುಂದೆಯೇ ನಿಂತು ಯಕಾರ ಒತ್ತಾಗುತ್ತದೆ. ಅಕ್ಷರಗಳು ಅವೇ, ರೂಪ ಬೇರೆ. ಯೂನಿಕೋಡ್‌ನಲ್ಲಿ ಎರಡನೆಯ ರೂಪ ಬರಲು ನಡುವೆ ಕಣ್ಣಿಗೆ ಕಾಣದ ಒಂದು ಸೇರಿಕೆಯ ಸಂಕೇತ ಹಾಕಬೇಕು. ಅಕ್ಷರಶೈಲಿ ಅದನ್ನು ಸರಿಯಾಗಿ ತೋರಿಸದಿದ್ದರೆ, ಕನ್ನಡ ಬಾರದ ತಂತ್ರಜ್ಞ ಎಷ್ಟೇ ಜಾಣನಾದರೂ ಅವನಿಗೆ ಅದು ತಪ್ಪೆಂದು ಕಾಣುವುದಿಲ್ಲ. ಕಾಣುವುದು ಕನ್ನಡ ಕಲಿಸುವವರಿಗೆ. ಡೆಬಿಯನ್ ಎಂಬ ಸ್ವಯಂಸೇವಕರ ಲಿನಕ್ಸ್ ವ್ಯವಸ್ಥೆಯೊಳಗೆ ‘ಗುಬ್ಬಿ’, ‘ನವಿಲು’, ‘ಲೋಹಿತ್’ ಕನ್ನಡ ಅಕ್ಷರಶೈಲಿಗಳು ಸೇರಿವೆ. ಅವುಗಳಲ್ಲಿ ಏನಾದರೂ ಕೆಟ್ಟು ಕಂಡರೆ ತಿಳಿಸುವ ಬಾಗಿಲು ಯಾರಿಗೂ ತೆರೆದಿದೆ. ವಿಕಿಪೀಡಿಯ ನಡೆಯುವ ಮೀಡಿಯವಿಕಿ ತಂತ್ರಾಂಶದ ಕನ್ನಡ ಸೂಚನೆಗಳನ್ನು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಅನುವಾದಿಸಿದವರೂ ಸ್ವಯಂಸೇವಕರೇ. ಅಲ್ಲಿ ಬೇಕಾದದ್ದು ಕೋಡ್ ಅಲ್ಲ, ಒಳ್ಳೆಯ ಕನ್ನಡ.

ಅದೇ ಮೀಡಿಯವಿಕಿಯ ಮೇಲೆಯೇ ನಮ್ಮ ರಾಜ್ಯದ ಶಿಕ್ಷಕರ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣವೂ ನಿಂತಿದೆ. ಡಿಎಸ್ಇಆರ್‌ಟಿಯೊಂದಿಗೆ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ಈ ಕೆಲಸದ ಬಗ್ಗೆ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ತಕ್ಕಮಟ್ಟಿಗೆ ಗೊತ್ತಿದೆ. ಆದರೆ ಅವರು ಅಲ್ಲಿಂದ ಇಳಿಸಿಕೊಳ್ಳುತ್ತಾರೆಯೇ ಹೊರತು ಅಲ್ಲಿಗೆ ಏನನ್ನೂ ಮರಳಿಸುವುದಿಲ್ಲ. ಮರಳಿಸಬಹುದು ಎಂದು ನಾವೂ ಹೇಳಿಕೊಟ್ಟಿಲ್ಲ.

ಈಗ ಮತ್ತೆ ಭತ್ತಕ್ಕೆ ಬರುತ್ತೇನೆ. ನಮ್ಮ ಪ್ರಶಿಕ್ಷಣಾರ್ಥಿಗಳು ಹೋಗುವುದು ಮೂರು ತಾಲ್ಲೂಕುಗಳ ಶಾಲೆಗಳಿಗೆ. ರೋಣದ ಎರಿ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಅಲ್ಲಿಯ ಮಗುವಿಗೆ ‘ಖಾರಿಫ್’, ‘ರಾಬಿ’ ಎಂಬ ಪಠ್ಯದ ಪದಗಳನ್ನು ಮುಂಗಾರು ಹಿಂಗಾರಿನಿಂದ ಆರಂಭಿಸಿ ಕೊಟ್ಟರೆ ಎರಡು ನಿಮಿಷದ ಕೆಲಸ. ನರಗುಂದದ ಕಡೆ ಮಲಪ್ರಭಾ ಕಾಲುವೆ ಇದೆ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಇವೆ. ಅದೇ ಅಧ್ಯಾಯದ ನೀರಾವರಿ ಭಾಗವನ್ನು ಅಲ್ಲಿ ಕಾಲುವೆಯ ದಂಡೆಯಿಂದಲೇ ಶುರುಮಾಡಬೇಕು. 1980ರ ರೈತ ಬಂಡಾಯ ಕಂಡ ಊರದು, ನೀರಿನ ಮಾತು ಅಲ್ಲಿಯ ಮಕ್ಕಳಿಗೆ ಮನೆಯ ಮಾತು. ಮೊನ್ನೆ ಮೊನ್ನೆಯವರೆಗೆ ರೋಣ ತಾಲ್ಲೂಕಿನಲ್ಲೇ ಇದ್ದ ಗಜೇಂದ್ರಗಡಕ್ಕೆ ಹೋದರೆ ಗುಡ್ಡದ ಮಗ್ಗುಲಿನ ಮಸಾರಿ ಹೊಲ, ಶೇಂಗಾ, ಸಜ್ಜೆ, ಕುರಿ ಮೇಕೆ. ಮಣ್ಣು ಬೇರೆ, ಕುಂಟೆ ಹೊಡೆಯುವ ಹದ ಬೇರೆ, ಗೊಬ್ಬರದ ಮಾತೂ ಬೇರೆ.

ಪಾಠ ಒಂದೇ, ಕವಲು ಮೂರು. ತಂತ್ರಾಂಶದವರು ಇದನ್ನು ಬ್ರಾಂಚ್ ಎಂದೇ ಕರೆಯುತ್ತಾರೆ. ಮೂಲವನ್ನು ಕೆಡಿಸದೆ ಪ್ರತಿಯೊಬ್ಬರೂ ತಮ್ಮ ಕವಲಿನಲ್ಲಿ ಬದಲಾಯಿಸುತ್ತಾರೆ. ಎಲ್ಲರಿಗೂ ಉಪಯೋಗವಾಗುವುದನ್ನು ಮಾತ್ರ ಮೂಲಕ್ಕೆ ಸೇರಿಸುತ್ತಾರೆ. ನಾವು ಮೂರೂ ತಾಲ್ಲೂಕಿಗೆ ಒಂದೇ ಭತ್ತ ಕಳಿಸುತ್ತೇವೆ, ಇಲ್ಲವೇ ಪ್ರತಿಯೊಬ್ಬರೂ ಸೊನ್ನೆಯಿಂದ ಬರೆಯಿರಿ ಎನ್ನುತ್ತೇವೆ. ನಡುವಿನ ದಾರಿ ನಮಗೆ ಹೊಳೆದೇ ಇಲ್ಲ.

ಇದನ್ನು ವಿಭಾಗದ ಸಭೆಯಲ್ಲಿ ಹೇಳಿದಾಗ ಆಕ್ಷೇಪಗಳು ಬಂದವು. ಹೇಳಿ ನಕಲು ಮಾಡಿದರೆ ಅಂಕ ಯಾವುದಕ್ಕೆ ಎಂಬುದು ಮೊದಲನೆಯದು. ಏನನ್ನು ಬದಲಾಯಿಸಿದ, ಏಕೆ ಬದಲಾಯಿಸಿದ ಎಂಬುದಕ್ಕೆ ಎಂದು ನನ್ನ ಉತ್ತರ. ಅಚ್ಚುಕಟ್ಟಾದ ಹದಿನಾರು ಪುಟಕ್ಕಿಂತ ‘ಪೀಠಿಕಾ ಪ್ರಶ್ನೆ ಬದಲಿಸಿದೆ, ಕಾರಣ ಇಲ್ಲಿ ಭತ್ತವಿಲ್ಲ’ ಎಂಬ ಒಂದು ಸಾಲಿನಲ್ಲಿ ಶಿಕ್ಷಕನೊಬ್ಬ ಹೆಚ್ಚು ಕಾಣುತ್ತಾನೆ. ಸೋಮಾರಿಗಳು ಏನನ್ನೂ ಬದಲಾಯಿಸದೆ ಹಾಗೇ ಒಪ್ಪಿಸುತ್ತಾರೆ ಎಂದರು. ಈಗಲೂ ಒಪ್ಪಿಸುತ್ತಿದ್ದಾರೆ, ನಾನು ಸಹಿ ಹಾಕುತ್ತಿದ್ದೇನೆ.

ಎರಡನೆಯ ಆಕ್ಷೇಪ ತೂಕದ್ದು. ತಪ್ಪನ್ನು ಎಲ್ಲರೂ ಓದುವ ಪುಸ್ತಕದಲ್ಲಿ ಬರೆದರೆ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಕುಗ್ಗಿಹೋಗುವುದಿಲ್ಲವೇ? ಹೋಗಬಹುದು. ತಂತ್ರಾಂಶದವರ ಲೋಕವೂ ಇದರಲ್ಲಿ ಶುದ್ಧವಾಗಿಲ್ಲ. ತೇಪೆ ಕಳಿಸಿದವರಿಗೆ ಕಟುವಾಗಿ ಉತ್ತರಿಸುವುದಕ್ಕೆ ಟೊರ್ವಾಲ್ಡ್ಸ್ ಹೆಸರಾಗಿದ್ದರು. 2018ರಲ್ಲಿ ಅವರೇ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಉಳಿದರು. ಅದೇ ಹೊತ್ತಿಗೆ ಆ ಯೋಜನೆ ಒಂದು ನಡವಳಿಕೆಯ ಸಂಹಿತೆಯನ್ನೂ ಒಪ್ಪಿಕೊಂಡಿತು. ತೇಪೆಯ ಬಗ್ಗೆ ಎಷ್ಟು ನಿಷ್ಠುರವಾಗಿಯಾದರೂ ಹೇಳಬಹುದು, ತೇಪೆ ಹಾಕಿದವರ ಬಗ್ಗೆ ಹೇಳುವ ಹಾಗಿಲ್ಲ. ‘ನಿಮ್ಮ ಧ್ವನಿಯಲ್ಲಿ ಆತ್ಮವಿಶ್ವಾಸ ಇಲ್ಲ’ ಎಂದು ನಮ್ಮ ಅವಲೋಕನ ಹಾಳೆಯಲ್ಲಿ ಬರೆಯುತ್ತೇವಲ್ಲ, ಅದು ವ್ಯಕ್ತಿಯ ಬಗ್ಗೆ. ‘ಎರಡನೆಯ ಪ್ರಶ್ನೆಗೆ ಮೂರು ಸೆಕೆಂಡ್ ಕಾದು ನೀವೇ ಉತ್ತರ ಹೇಳಿದಿರಿ’ ಎಂಬುದು ಪಾಠದ ಬಗ್ಗೆ. ಮೊದಲನೆಯದನ್ನು ಓದಿ ಯಾರೂ ಏನನ್ನೂ ತಿದ್ದಿಕೊಂಡದ್ದನ್ನು ನಾನು ಕಂಡಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಇದು ನಮ್ಮ ಮುಯ್ಯಾಳು ಪದ್ಧತಿಯಲ್ಲವೇ ಎಂದರು. ಅರ್ಧ ಹೌದು. ಮುಯ್ಯಿಯಲ್ಲಿ ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಲೆಕ್ಕ ಇಬ್ಬರ ನಡುವೆ ತೀರುತ್ತದೆ. ಇಲ್ಲಿ ಹಾಗಲ್ಲ. ಈ ವರ್ಷದ ಪ್ರಶಿಕ್ಷಣಾರ್ಥಿ ತಿದ್ದಿಟ್ಟ ಪಾಠದ ಫಲ ಉಣ್ಣುವವರು ಅವನು ಕಾಣದ ಮುಂದಿನ ತಂಡದವರು. ಮುಯ್ಯಿ ತೀರಿಸುವುದು ಹಿಂದಕ್ಕಲ್ಲ, ಮುಂದಕ್ಕೆ. ಹಾಗೆಂದು ಅದು ತಾನಾಗಿ ನಡೆಯುತ್ತದೆ ಎಂದು ನಂಬಬಾರದು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ದೋಷ ಹೊರಬಿದ್ದಾಗ, ಜಗತ್ತಿನ ಅಸಂಖ್ಯ ಜಾಲತಾಣಗಳು ನೆಚ್ಚಿಕೊಂಡಿದ್ದ ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ ಎಂಬುದು ಎಲ್ಲರಿಗೂ ತಿಳಿಯಿತು. ಎಲ್ಲರದೂ ಆದದ್ದಕ್ಕೆ ಒಬ್ಬ ಹೊಣೆಗಾರ ಬೇಕು. ನಮ್ಮಲ್ಲಿ ಆ ಹೊಣೆ ವಿಷಯ ಬೋಧನಾ ಉಪನ್ಯಾಸಕರದು ಎಂದು ನಾನು ಹೇಳಿದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಕೊನೆಗೆ ವಿಜ್ಞಾನದ ಹೊಣೆ ನನ್ನ ತಲೆಗೇ ಬಂತು.

ಅದಕ್ಕೆ ಕಂಪ್ಯೂಟರ್ ಕೂಡ ಬೇಕಾಗಲಿಲ್ಲ. ಎರಡು ನೂರು ಪುಟದ ಒಂದು ಗಟ್ಟಿ ರಟ್ಟಿನ ಪುಸ್ತಕ ತಂದೆ. ಎಂಟನೆಯ ತರಗತಿಯ ಈ ಅಧ್ಯಾಯದ ಪಾಠಯೋಜನೆಯನ್ನು ಎಡ ಪುಟದಲ್ಲಿ ಅಂಟಿಸಿದೆ, ಭತ್ತದ ಸಮೇತ. ಬಲ ಪುಟ ತಿದ್ದುಪಡಿಗೆ. ಪ್ರತಿ ತಿದ್ದುಪಡಿಯ ಕೆಳಗೆ ಮೂರು ಸಾಲು: ಬದಲಾಯಿಸಿದವರು, ಓದಿ ಒಪ್ಪಿದವರು, ದೋಷ ಹೇಳಿದವರು. ಅಂದು ಪಾಠ ಮಾಡಿದ ಪ್ರಶಿಕ್ಷಣಾರ್ಥಿಯನ್ನೇ ಕರೆದು ಮೊದಲ ತಿದ್ದುಪಡಿ ಬರೆಯಲು ಹೇಳಿದೆ. ಅವನು ಪೀಠಿಕಾ ಪ್ರಶ್ನೆಯನ್ನು ಹೊಡೆದುಹಾಕಿ, “ಈ ವಾರ ನಿಮ್ಮ ಗೆಳೆಯರು ಏಕೆ ಶಾಲೆಗೆ ಬಂದಿಲ್ಲ?” ಎಂದು ಬರೆದ. ನನಗೆ ಹೊಳೆಯದ ಪ್ರಶ್ನೆ ಅದು. ಓದಿ ಒಪ್ಪಿದೆ. ಮೂರನೆಯ ಸಾಲಿಗೆ ಬಂದಾಗ ಪೆನ್ನು ಎತ್ತಿ ಕುಳಿತ. ಆ ಹುಡುಗನ ಹೆಸರು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮರುವಾರ ಆ ಶಾಲೆಗೆ ಹೋದಾಗ ಕೇಳಿಕೊಂಡು ಬಂದು ತುಂಬಿಸಿದ.

ಪುಸ್ತಕ ಬೋಧನಾಭ್ಯಾಸ ವಿಭಾಗದ ಮೇಜಿನ ಮೇಲಿದೆ. ರೋಣದ ಪುಟದಲ್ಲಿ ಈಗ ನಾಲ್ಕು ತಿದ್ದುಪಡಿಗಳಿವೆ, ಗಜೇಂದ್ರಗಡದ್ದರಲ್ಲಿ ಒಂದು. ನರಗುಂದದ ಪುಟ ಇನ್ನೂ ಖಾಲಿ. ಮುಂದಿನ ಸರದಿಯಲ್ಲಿ ಆ ಕಡೆ ಹೋಗುವವರು ಹೊರಡುವ ಮುನ್ನ ಅದನ್ನು ಕೇಳಿ ಪಡೆಯಿರಿ.